ಆರು ಎಕರೆ ಹೆಬ್ಬೇವಿಗೆ ಎಫ್‌ಎಸ್‌ಸಿ ಸರ್ಟಿಫಿಕೇಟ್ ಸಿಗ್ತದೇನ್ರಿ?

ಪ್ರಶ್ನೆ (ರೈತ, ಹಾನಗಲ್ ತಾಲೂಕು): 6 ಎಕರೆ ಹೆಬ್ಬೇವು ಐತ್ರಿ, ಐದನೇ ವರ್ಷ. ಮೊದಲ ಅಲ್ಲಿ ಗೋವಿನಜೋಳ, ಹತ್ತಿ ಹಾಕತಿದ್ವಿ. ಪ್ಲೈವುಡ್ ಮಂದಿ ಎಫ್‌ಎಸ್‌ಸಿ (ಕಾಡಿಗೆ ಹಾನಿ ಮಾಡದ ಬೆಳೆದ ಕಟ್ಟಿಗೆ ಅನ್ನೂದಕ್ಕ ಕೊಡೋ ಮುದ್ರಿ) ಸರ್ಟಿಫಿಕೇಟ್ ಇದ್ದ ಮಾಲ್ ಕೇಳಾಕತ್ತಾರ. ನಾ ಒಬ್ಬನ ಮಾಡಸಬಹುದೇನ್ರಿ? ಏನೇನ್ ಕಾಗದ ಬೇಕು?

ಉತ್ತರ (ಅರಣ್ಯ ಆಡಿಟರ್, ಧಾರವಾಡ): ನಿಯಮದ ಅಡ್ಡಿಯಿಲ್ಲ, ಆದರೆ ಖರ್ಚು ಗಿಟ್ಟೂದಿಲ್ರಿ. ಸರ್ಟಿಫಿಕೇಟ್ 5 ವರ್ಷದ್ದು, ನಡುವೆ ವರ್ಷಕ್ಕೊಮ್ಮೆ ಆಡಿಟ್. ಆ ಫೀಸು 6 ಎಕರೆ ಮಾಲಿನಿಂದ ಹುಟ್ಟಬೇಕಲ್ಲ! ಗುಂಪಿಗೆ ಸೇರಿರಿ. ರೈತ ಉತ್ಪಾದಕ ಕಂಪನಿಯೋ ಸಹಕಾರ ಸಂಘವೋ ಸರ್ಟಿಫಿಕೇಟ್ ಹಿಡಿದು ಸದಸ್ಯರ ಹೊಲಗಳನ್ನು ತಾನೇ ತಪಾಸಣೆ ಮಾಡುತ್ತದೆ. ಹೊರಗಿನ ಆಡಿಟರ್ ಕೆಲವು ಹೊಲಗಳನ್ನಷ್ಟೇ ಆರಿಸಿ ನೋಡುತ್ತಾರೆ.

ಹಳೇ ಉತಾರ (ಪಹಣಿ) ತೆಗೆಸಿಡಿ. ಬೆಳೆ ಕಾಲಮ್ಮಿನಲ್ಲಿ ಗೋವಿನಜೋಳ, ಹತ್ತಿ ಅಂತ ಇದ್ದರೆ, ಕಾಡು ಕಡಿದು ತೋಪು ಮಾಡಿಲ್ಲ ಅನ್ನೋದಕ್ಕೆ ಒಳ್ಳೆಯ ಸಾಕ್ಷಿ. 2020ರ ಡಿಸೆಂಬರ್ 31ರ ನಂತರ ಕಾಡು ತೆಗೆದ ಜಾಗಕ್ಕೆ ಸರ್ಟಿಫಿಕೇಟ್ ಸಿಗೋದು ಬಹುತೇಕ ಇಲ್ಲ. ಜೊತೆಗೆ ಜಿಪಿಎಸ್ ನಕ್ಷೆ, ಸಸಿ ಬಿಲ್ಲು, ಸಿಂಪಡಣೆಯ ವಹಿ. ಗ್ಲೈಫೋಸೇಟ್ ಕಳೆನಾಶಕ ಹೊಡೆಯುವ ಮುಂಚೆ ಅಪಾಯದ ಅಂದಾಜು ಬರೆದಿಡಬೇಕು. ಆಮೇಲೆ ಬರೆದದ್ದು ಆಡಿಟರ್‌ಗೆ ಗೊತ್ತಾಗ್ತದೆ. ಕಟಾವಿನ ಆಳುಗಳ ಹೆಲ್ಮೆಟ್, ಬೂಟು, ಕೂಲಿ ಪಟ್ಟಿ ಗುತ್ತಿಗೆದಾರನ ತಲೆನೋವು ಅಂತ ಬಿಡಬೇಡಿ. ದೊಡ್ಡ ಲೋಪ ಸಿಕ್ಕರೆ ಸರಿಪಡಿಸಲು 3 ತಿಂಗಳು, ಸಣ್ಣದಕ್ಕೆ 1 ವರ್ಷ.

ಮತ್ತ ಕೇಳಿದ್ದು: ನಿಂತ ಗಿಡಾನ ಏಜೆಂಟಗ ಕೊಟ್ರ ನಡೀತದೇನ್ರಿ?

ಉತ್ತರ (ಆಡಿಟರ್): ಬಹಳ ಕಡೆ ಕೆಡೋದು ಅಲ್ಲೇ ನೋಡ್ರಿ. ಏಜೆಂಟ್ ನಿಮ್ಮ ಗಿಡ ಕಡಿದು ಪಕ್ಕದವರ ಮಾಲಿನ ಜೊತೆ ಒಂದೇ ಲಾರಿಗೆ ಏರಿಸಿದರೆ ಮುಗೀತು, ಇಡೀ ಲೋಡು ಸಾದಾ ಕಟ್ಟಿಗೆ. ಅವನು ತನ್ನ ಹೆಸರಿಗೆ ಕೊಂಡು ಮಾರುವವನಾದರೆ ಅವನಿಗೂ ಸರಬರಾಜು ಸರಪಳಿಯ ಸರ್ಟಿಫಿಕೇಟ್ (ಮಾಲು ಕೈ ಬದಲಾಗುವಾಗ ಬೆರಕೆ ಆಗಿಲ್ಲ ಅನ್ನೋದಕ್ಕೆ) ಬೇಕು. ಹಾಗಾಗಿ ಬಿಲ್ಲು ಗುಂಪಿನ ಹೆಸರಲ್ಲಿ ನೇರ ಫ್ಯಾಕ್ಟರಿಗೆ ಹೋಗಲಿ. ಅದರಲ್ಲಿ ಸರ್ಟಿಫಿಕೇಟ್ ನಂಬರು, ‘ಎಫ್‌ಎಸ್‌ಸಿ 100%’ (ಪೂರ್ತಿ ಸರ್ಟಿಫಿಕೇಟ್ ಇದ್ದ ಮಾಲು) ಅನ್ನೋ ಮಾತು ಎರಡೂ ಇರಬೇಕು. ಲೋಡಿನ ತೂಕದ ಚೀಟಿ 5 ವರ್ಷ ಜೋಪಾನ.

ಇನ್ನೊಬ್ಬರು (ನರ್ಸರಿ ಸಲಹೆಗಾರ, ರಾಣೆಬೆನ್ನೂರು): ಕಟ್ಟಿಗೆಗೆ ಸರ್ಟಿಫಿಕೇಟ್ ಕೊಡುವ ಕೇಂದ್ರ ಸರ್ಕಾರದ್ದೂ ಒಂದು ಯೋಜನೆ 2023ರ ಡಿಸೆಂಬರಿನಲ್ಲಿ ಬಂದಿದೆ, ಹೊಲದ ಗಿಡಗಳಿಗೆ ಅದರಲ್ಲಿ ಬೇರೆ ವಿಭಾಗವೇ ಇದೆ. ಯಾವ ಮುದ್ರೆ ಒಪ್ತಾರೆ, ಟನ್ನಿಗೆ ಎಷ್ಟು ಹೆಚ್ಚು ಕೊಡ್ತಾರೆ ಅಂತ ಫ್ಯಾಕ್ಟರಿಯಿಂದ ಬರಹದಲ್ಲಿ ತಗೊಂಡ ಮೇಲೇ ಗುಂಪಿನ ಫೀಸು ಕಟ್ರಿ. ಬದುವಿನಲ್ಲಿ ಸಾಗವಾನಿ ಇದ್ದರೆ ಅದರ ಕಟಾವಿನ ಅನುಮತಿ, ಸಾಗಣೆ ಪಾಸು ಬೇರೆ. ಈ ಸರ್ಟಿಫಿಕೇಟ್ ಅದಕ್ಕೆ ಬದಲಿ ಅಲ್ಲ.