ವ್ಯಾಯಾಮ ಬಳಗಕ್ಕೆ ಬಂದ ಹೊಸಬರು ನಿಲ್ಲುತ್ತಿಲ್ಲ, ಏನು ಮಾಡಬೇಕು?

ಪ್ರಶ್ನೆ (ಹುಬ್ಬಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ಉಣಕಲ್ ಕೆರೆಯ ದಂಡೆಯಲ್ಲಿ ಬೆಳಿಗ್ಗೆ ಐದೂವರೆಗೆ ಸೇರುವ ನಮ್ಮ ಬಳಗದಲ್ಲಿ ಸುಮಾರು ಇಪ್ಪತ್ತು ಜನರಿದ್ದೇವೆ. ಮೊದಲು ಬಿರುಸಿನ ನಡಿಗೆ, ನಂತರ ಹನ್ನೆರಡು ಸೂರ್ಯನಮಸ್ಕಾರ, ಕೊನೆಗೆ ಎಲ್ಲರೂ ಕೂಡಿ ಚಹಾ. ಶುಲ್ಕವೇನೂ ಇಲ್ಲ. ಪ್ರತಿ ವರ್ಷ ಜೂನ್ 21ರ ಯೋಗ ದಿನದ ಆಸುಪಾಸಿನಲ್ಲಿ ಹೊಸಬರು ಉತ್ಸಾಹದಿಂದ ಬರುತ್ತಾರೆ, ನಾಲ್ಕೈದು ದಿನಗಳಲ್ಲಿ ಬಹುತೇಕರು ಕಾಣದಾಗುತ್ತಾರೆ. ಮಳೆಯೇ ಕಾರಣವೆಂದು ಸಮಾಧಾನ ಮಾಡಿಕೊಂಡಿದ್ದೆವು, ಆದರೆ ಚಳಿಗಾಲದಲ್ಲಿ ಬಂದವರೂ ನಿಲ್ಲಲಿಲ್ಲ. ಕಳೆದ ವಾರ ಹಾಗೆ ಬಿಟ್ಟವರೊಬ್ಬರು ಪೇಟೆಯಲ್ಲಿ ಸಿಕ್ಕು, ‘ನಿಮ್ಮದು ಪಳಗಿದವರ ಗುಂಪು, ನಮ್ಮಂಥವರಿಗೆ ಅಲ್ಲ’ ಎಂದದ್ದು ನನ್ನ ಮನಸ್ಸಿಗೆ ನಾಟಿದೆ. ನಾವು ಎಲ್ಲಿ ತಪ್ಪುತ್ತಿದ್ದೇವೆ ಎಂಬುದನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಧಾರವಾಡದಿಂದ)

ಸರ್, ನಾನೂ ಒಂದು ಬಳಗವನ್ನು ಹಾಗೆಯೇ ಬಿಟ್ಟು ಬಂದವಳು. ಮೊದಲ ದಿನ ಎಲ್ಲರೂ ‘ಬರ್ರಿ ಅಕ್ಕಾರ’ ಎಂದು ಪ್ರೀತಿಯಿಂದಲೇ ಕರೆದರು, ಆದರೆ ನಡಿಗೆ ಶುರುವಾದ ಐದು ನಿಮಿಷಕ್ಕೆ ನಾನೊಬ್ಬಳೇ ಹಿಂದುಳಿದೆ. ತಿರುವಿನಲ್ಲಿ ನಿಂತು ನನಗಾಗಿ ಕಾಯುತ್ತಿದ್ದರು, ನಿಜ. ಆದರೆ ನಾನು ಏದುಸಿರು ಬಿಡುತ್ತ ಅಲ್ಲಿಗೆ ತಲುಪಿದ ಕೂಡಲೇ ಅವರು ಮತ್ತೆ ಹೊರಡುತ್ತಿದ್ದರು. ವಿಶ್ರಾಂತಿ ಅವರಿಗೆ ಸಿಗುತ್ತಿತ್ತು, ಬೇಕಾಗಿದ್ದ ನನಗೆ ಸಿಗುತ್ತಿರಲಿಲ್ಲ. ಸೀರೆಯುಟ್ಟು ಚಪ್ಪಲಿಯಲ್ಲಿ ಬಂದವಳು ನಾನೊಬ್ಬಳೇ ಎಂಬ ಸಂಕೋಚ ಬೇರೆ. ಮುಂದೆ ಕೆಲಗೇರಿ ಕೆರೆಯ ಕಡೆಯ ಇನ್ನೊಂದು ಗುಂಪಿನಲ್ಲಿ ಹಿರಿಯ ತಾಯಿಯೊಬ್ಬರು ಎರಡು ವಾರ ನನ್ನ ನಡಿಗೆಗೆ ತಮ್ಮ ನಡಿಗೆಯನ್ನು ಹೊಂದಿಸಿಕೊಂಡು, ಉಪದೇಶ ಮಾಡದೆ, ಮನೆಮಾತು ಆಡುತ್ತ ಜೊತೆಗೆ ಬಂದರು. ನಾನು ಒಂದು ದಿನ ತಪ್ಪಿಸಿದಾಗ ಆರಾಮಿದ್ದೀಯಾ ಎಂದು ಫೋನ್ ಮಾಡಿ ವಿಚಾರಿಸಿದರು. ಇಂದಿಗೂ ನಾನು ಆ ಗುಂಪಿನಲ್ಲಿದ್ದೇನೆ.

ಉತ್ತರ 2 (ಗದಗದಿಂದ)

ನಾನು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ. ಮೇಲಿನ ಸಹೋದರಿಯವರ ಮಾತನ್ನು ದಯವಿಟ್ಟು ಮತ್ತೊಮ್ಮೆ ಓದಿರಿ. ನಾವು ಹುಡುಗರಿದ್ದಾಗ ಗರಡಿ ಮನೆಯಲ್ಲಿ ಉಸ್ತಾದರು ಹೊಸಬನಿಗೆ ಕೆಲವೇ ದಂಡ, ಬೈಠಕ್ ಹೇಳಿ, ಉಳಿದ ಹೊತ್ತು ಕೆಮ್ಮಣ್ಣು ಹದ ಮಾಡಲು ಹಚ್ಚುತ್ತಿದ್ದರು. ಮೈ ಹದಗೊಳ್ಳುವ ಮೊದಲೇ ಅವನಿಗೆ ಆ ಮನೆಯಲ್ಲಿ ಒಂದು ಕೆಲಸ, ಒಂದು ಜಾಗ ಸಿಕ್ಕಿರುತ್ತಿತ್ತು. ನಿಮ್ಮ ಹೊಸಬರಿಗೆ ಮೊದಲ ದಿನವೇ ಹನ್ನೆರಡು ನಮಸ್ಕಾರ ಹೆಚ್ಚು, ಮೂರೋ ನಾಲ್ಕೋ ಸಾಕು. ರೂಢಿಯಿಲ್ಲದ ಸ್ನಾಯುಗಳ ನೋವು ಅದೇ ದಿನಕ್ಕಿಂತ ಮರುದಿನ, ಮೂರನೆಯ ದಿನ ಜೋರಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ತಮಗೇನೋ ಆಗಿದೆ ಎಂದು ಹೆದರಿ ಜನ ಮನೆಯಲ್ಲೇ ಉಳಿಯುತ್ತಾರೆ. ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು, ಅಷ್ಟು ವೇಗ ಸಾಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದೂ ವಾರಕ್ಕೆ ಕನಿಷ್ಠ 150 ನಿಮಿಷಗಳ ಇಂಥ ಮಧ್ಯಮ ಶ್ರಮವನ್ನೇ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ವಿಷಯವನ್ನು ಎಲ್ಲರೆದುರು ಕೇಳದೆ ಪಕ್ಕಕ್ಕೆ ಕರೆದು ವಿಚಾರಿಸಿರಿ. ಇನ್ಸುಲಿನ್ ತೆಗೆದುಕೊಳ್ಳುವವರ ಕಿಸೆಯಲ್ಲಿ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಇರಲೇಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ತಿರುವಿನಲ್ಲಿ ಕಾಯುವ ತಪ್ಪನ್ನು ನಾವೂ ಉಪಕಾರವೆಂದೇ ತಿಳಿದು ಮಾಡುತ್ತ ಬಂದಿದ್ದೇವೆ. ಇಂದು ಸಂಜೆ ಪೇಟೆಯಲ್ಲಿ ಸಿಕ್ಕವರ ಮನೆಗೆ ಹೋಗಿ ಬರುತ್ತೇನೆ. ಅವರು ಒಪ್ಪಿ ಬಂದರೆ, ಸೋಮವಾರದಿಂದ ಅವರ ಜೊತೆ ಹಿಂದೆ ನಡೆಯುವ ಮೊದಲ ಸರದಿ ನನ್ನದು.