‘ಕಟ್ ಕಾರ್ಡುರಾಯ್’ನಲ್ಲಿ ತುಂಡಾಗುವುದು ಯಾವುದು?

ಪ್ರಶ್ನೆ, ಪಣಂಬೂರಿನಿಂದ:

ಹೊರದೇಶದಿಂದ ಬಟ್ಟೆ ತರಿಸುವ ಸಣ್ಣ ವ್ಯಾಪಾರಿಗಳಿಗಾಗಿ ಸುಂಕಪಟ್ಟಿಯ 58ನೇ ಅಧ್ಯಾಯವನ್ನು ಕನ್ನಡದಲ್ಲಿ ವಿವರಿಸಬೇಕಾಗಿದೆ. 5801.32ರಲ್ಲಿ ಪಾಲಿಯೆಸ್ಟರ್ ಮುಂತಾದವುಗಳ ‘ಕಟ್ ಕಾರ್ಡುರಾಯ್’ ಉಂಟು. ‘ಕತ್ತರಿಸಿದ ಕಾರ್ಡುರಾಯ್’ ಎಂದು ಬರೆದರೆ ಓದಿದವರು ಕಟ್‌ಪೀಸ್ ಎಂದುಕೊಳ್ಳುತ್ತಾರೆ. ಬಟ್ಟೆಯ ಮೈಮೇಲೆ ಎದ್ದಿರುವ ಎಳೆಗಳಿಗೆ ಹೇಳುವ ‘ಪೈಲ್’, ‘ವೆಫ್ಟ್ ಪೈಲ್’ ಇವಕ್ಕೆ ಏನು ಹೇಳುವುದು? ‘ಮ್ಯಾನ್‌ಮೇಡ್ ಫೈಬರ್’ಗೆ ‘ಕೃತಕ ನೂಲು’ ಸಾಕೇ? ಬಲ್ಲವರು ತಿಳಿಸಬೇಕು.

ಉತ್ತರ, ಉಡುಪಿಯಿಂದ:

ನಿಮ್ಮ ಅನುಮಾನ ಸರಿ. ಇಲ್ಲಿ ತುಂಡಾಗುವುದು ಬಟ್ಟೆಯಲ್ಲ, ಎಳೆ. ಕಾರ್ಡುರಾಯ್‌ನಲ್ಲಿ ತಳದ ಬಟ್ಟೆಗೆ ಒಂದು ಹೊಕ್ಕು (ಅಡ್ಡ ಎಳೆ). ಹಲವು ಹಾಸಿನೆಳೆಗಳನ್ನು (ಉದ್ದ ಎಳೆಗಳನ್ನು) ದಾಟಿಕೊಂಡು ಮೇಲೆ ತೇಲುವ ಹೊಕ್ಕು ಇನ್ನೊಂದು. ಮಗ್ಗದಿಂದ ಇಳಿಸಿದ ಮೇಲೆ ಆ ತೇಲುವ ಎಳೆಗಳ ಅಡಿಗೆ ಬ್ಲೇಡು ಓಡಿಸಿ ಸೀಳುತ್ತಾರೆ. ತುದಿಗಳು ಎದ್ದು ನಿಲ್ಲುತ್ತವೆ, ಬ್ರಶ್ ಹಾಕಿದಾಗ ಬಟ್ಟೆಯ ಉದ್ದಕ್ಕೂ ಸಾಲು ಮೂಡುತ್ತದೆ. ಸೀಳದೆ ಹಾಗೇ ಬಿಟ್ಟ ಬಟ್ಟೆ 5801.31ಕ್ಕೆ ಹೋಗುತ್ತದೆ. ಹಾಗಾಗಿ ‘ಎಳೆ ಸೀಳಿದ ಕಾರ್ಡುರಾಯ್’ ಎಂದು ಬರೆಯಿರಿ. ಕಟ್‌ಪೀಸಿನ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ವಾರ್ಪ್‌ಗೆ ಹಾಸು, ವೆಫ್ಟ್‌ಗೆ ಹೊಕ್ಕು. ‘ಹಾಸುಹೊಕ್ಕು’ ಎಂದು ಎಲ್ಲರ ಬಾಯಲ್ಲೂ ಇರುವಾಗ ಉದ್ದನೂಲು, ಅಡ್ಡನೂಲು ಎಂದು ಹೊಸದಾಗಿ ಕಟ್ಟುವುದು ಯಾಕೆ? ಉಡುಪಿ ಸೀರೆ ನೇಯುವವರಿಗೆ ಈ ಎರಡು ಮಾತು ಸಾಕು. ಪೈಲ್‌ಗೆ ‘ರಾಶಿ’ ಎಂದಂತೂ ಬರೆಯಬೇಡಿ. ‘ರೋಮ’ ಎಂದರೆ ಉಣ್ಣೆಯ ನೆನಪು ಬರುತ್ತದೆ, ಉಣ್ಣೆಗೆ 5801.10 ಎಂಬ ಬೇರೆಯೇ ಸಾಲು ಉಂಟು. ನನ್ನ ಆಯ್ಕೆ ‘ನವಿರು’: ಹೊಕ್ಕಿನ ನವಿರು, ಹಾಸಿನ ನವಿರು.

ಈ ಎರಡರ ವ್ಯತ್ಯಾಸ ಬರೀ ಪದದ್ದಲ್ಲ. ಹಾಸಿನ ನವಿರಿನ ವೆಲ್ವೆಟ್ಟಿಗೂ ಗೆರೆ ಮೂಡಿಸಿ ಕಾರ್ಡುರಾಯ್ ಎಂದು ಮಾರುವುದುಂಟು. ಅದರ ಜಾಗ 5801.37. ಪರೀಕ್ಷೆ ಸುಲಭ. ಬಟ್ಟೆಯ ಅಂಚಿಗೆ ಸಮಾನಾಂತರವಾಗಿ ಹೋಗುವುದು ಹಾಸು. ಒಂದು ಹಾಸಿನೆಳೆಯನ್ನು ಸೂಜಿಯಿಂದ ಬಿಡಿಸಿ ತೆಗೆಯಿರಿ. ನವಿರಿನ ಕುಚ್ಚುಗಳು ಆ ಎಳೆಗೆ ಜೋತುಕೊಂಡು ಬಂದರೆ ಅದು ಹೊಕ್ಕಿನ ನವಿರು. ಹೊಕ್ಕಿನೆಳೆ ತೆಗೆದಾಗ ಅದಕ್ಕೆ ಜೋತುಕೊಂಡು ಬಂದರೆ ಹಾಸಿನ ನವಿರು.

ಇನ್ನು ‘ಕೃತಕ’. ಪತ್ರಿಕೆಗಳು ಪಾಲಿಯೆಸ್ಟರಿಗೂ ರೇಯಾನಿಗೂ ಇದೊಂದೇ ಪದ ಹಾಕುತ್ತವೆ, ಆದರೆ 54ನೇ ಅಧ್ಯಾಯದ ಮೊದಲ ಟಿಪ್ಪಣಿಯಲ್ಲಿ ಮೂರು ಪದಗಳಿವೆ. ಮೊನೊಮರು ಎಂಬ ಸಣ್ಣ ರಾಸಾಯನಿಕ ಅಣುಗಳನ್ನು ಕೂಡಿಸಿ ಮಾಡಿದ ಪಾಲಿಯೆಸ್ಟರ್, ನೈಲಾನ್ ಸಿಂಥೆಟಿಕ್. ಮರದ ತಿರುಳಿನಂಥ ನೈಸರ್ಗಿಕ ವಸ್ತುವನ್ನು ಕರಗಿಸಿ ಎಳೆ ತೆಗೆದ ವಿಸ್ಕೋಸ್ ರೇಯಾನ್, ಅಂಥ ನೈಸರ್ಗಿಕ ವಸ್ತುವನ್ನೇ ರಾಸಾಯನಿಕವಾಗಿ ಮಾರ್ಪಡಿಸಿದ ಅಸಿಟೇಟ್ ಆರ್ಟಿಫಿಶಿಯಲ್. ಎರಡೂ ಸೇರಿ ಮ್ಯಾನ್‌ಮೇಡ್. ಕ್ರಮವಾಗಿ ಸಂಶ್ಲೇಷಿತ, ಕೃತಕ, ಮಾನವನಿರ್ಮಿತ ಎಂದು ಹಂಚಿಕೊಂಡರೆ ಗೊಂದಲವಿಲ್ಲ. 5801.32ರಲ್ಲಿ ಇರುವುದು ಮಾನವನಿರ್ಮಿತ, ಹಾಗಾಗಿ ವಿಸ್ಕೋಸ್ ಕಾರ್ಡುರಾಯ್ ಕೂಡ ಅಲ್ಲಿಗೇ ಬರುತ್ತದೆ. ನವಿರಿಲ್ಲದ ಸಾದಾ ಫಿಲಮೆಂಟ್ (ತುಂಡಿಲ್ಲದ ಉದ್ದನೆಯ ಎಳೆಯ) ಬಟ್ಟೆಯಲ್ಲಿ ಹಾಗಲ್ಲ: ಸಂಶ್ಲೇಷಿತಕ್ಕೆ 5407, ಕೃತಕಕ್ಕೆ 5408. ಅಲ್ಲಿ ಪದ ತಪ್ಪಿದರೆ ಶೀರ್ಷಿಕೆಯೇ (ನಾಲ್ಕಂಕಿಯ ಸಂಖ್ಯೆಯೇ) ತಪ್ಪುತ್ತದೆ.

ವಿವರಣೆಯಲ್ಲಿ ಬಿಡಬಾರದ ಮಾತೊಂದುಂಟು. ಇಡೀ ಬಟ್ಟೆಯಲ್ಲಿ ಹತ್ತಿ 60, ಪಾಲಿಯೆಸ್ಟರ್ 40 ಶೇಕಡಾ ಎಂದು ಇನ್‌ವಾಯ್ಸಿನಲ್ಲಿ ಇರುತ್ತದೆ. ನೋಡಿದವರು ಹತ್ತಿಯ 5801.22 ಹಾಕಿಬಿಡುತ್ತಾರೆ. ಆದರೆ 11ನೇ ವಿಭಾಗದ ಉಪಶೀರ್ಷಿಕೆ ಟಿಪ್ಪಣಿ 2ರ ಪ್ರಕಾರ ನವಿರಿನ ಬಟ್ಟೆಯಲ್ಲಿ ತಳದ ಬಟ್ಟೆ ಲೆಕ್ಕಕ್ಕಿಲ್ಲ. ತಳವೆಲ್ಲ ಹತ್ತಿಯಾಗಿದ್ದು ನವಿರು ಪೂರ್ತಿ ಪಾಲಿಯೆಸ್ಟರ್ ಆಗಿದ್ದರೆ ಅದು 5801.32. ನವಿರಿನಲ್ಲೇ ಮಿಶ್ರಣವಿದ್ದರೆ ತೂಕ ಯಾವುದರದ್ದು ಹೆಚ್ಚೋ ಅದು. ಸರಿಸಮ ಇದ್ದರೆ ಪಟ್ಟಿಯಲ್ಲಿ ಕೊನೆಗೆ ಬರುವ ಶೀರ್ಷಿಕೆಯ ನಾರು. ಹತ್ತಿ 52ರಲ್ಲಿ, ಪಾಲಿಯೆಸ್ಟರ್ 54 ಇಲ್ಲವೇ 55ರಲ್ಲಿ ಇರುವುದರಿಂದ ಪಾಲಿಯೆಸ್ಟರೇ. ಆದ್ದರಿಂದ ಪೂರೈಕೆದಾರರಿಂದ ನವಿರಿನ ನಾರಿನ ಪ್ರಮಾಣವನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. ನವಿರನ್ನು ಕೆರೆದು ಸುಟ್ಟು ನೋಡಿದರೆ ಅಂದಾಜು ಸಿಗುತ್ತದೆ: ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಹತ್ತಿಯೂ ವಿಸ್ಕೋಸೂ ಕಾಗದದಂತೆ ಉರಿದು ಬೂದಿಯಾಗುತ್ತವೆ. ತಕರಾರು ಬಂದರೆ ಇದು ಸಾಲದು, ಪ್ರಯೋಗಾಲಯದ ವರದಿಯೇ ಬೇಕು.

ಇನ್ನೊಂದು ಉತ್ತರ, ಮಂಗಳೂರಿನಿಂದ:

‘ನವಿರು’ ಒಪ್ಪಿಗೆ. ಇದರ ಜೊತೆಗೆ ‘ನೇಯ್ಗೆ’, ‘ಹೆಣಿಗೆ’ ಎರಡನ್ನೂ ಬೇರೆ ಇಡಿ. ಸೋಫಾ ಹೊದಿಕೆಗೆ ಬರುವ ಪಾಲಿಯೆಸ್ಟರ್ ‘ಕಾರ್ಡುರಾಯ್’ ಬಹಳಷ್ಟು ಸಲ ಹೆಣೆದದ್ದು. ಹಿಂಬದಿಯಲ್ಲಿ ಸರಪಳಿಯಂಥ ಕುಣಿಕೆಗಳು ಕಂಡರೆ ಅದು ಹೆಣಿಗೆ. ಅದರಲ್ಲಿ ಕುಣಿಕೆ ಸೀಳಿ ನಿಲ್ಲಿಸಿದ ನವಿರಾದರೆ 6001.92. ಮುಂಬದಿಯ ಸಾಲು ನೋಡಿ 58ನೇ ಅಧ್ಯಾಯಕ್ಕೆ ಹಾಕಬಾರದು. ಅಗಲ 30 ಸೆಂಟಿಮೀಟರಿಗೆ ಮೀರದೆ ಎರಡೂ ಬದಿ ಅಂಚಿರುವ ನೇಯ್ದ ಪಟ್ಟಿಯಾದರೆ 5806.

ಅಳತೆಯಲ್ಲೂ ಎಡವುವುದುಂಟು. ಥಾನು ಬರುವುದು ಉದ್ದದ ಮೀಟರಿನಲ್ಲಿ, 5801ಕ್ಕೆ ಸುಂಕಪಟ್ಟಿಯ ಘಟಕ ಚದರ ಮೀಟರ್. 58 ಇಂಚು ಅಗಲದ 1000 ಮೀಟರ್ ಎಂದರೆ ಸುಮಾರು 1473 ಚದರ ಮೀಟರ್.

ಕಾರ್ಡುರಾಯ್‌ನ ಉಬ್ಬುಗೆರೆಗೆ ಹೇಳುವ ‘ವೇಲ್’ಗೆ ‘ಸಾಲು’ ಸಾಕು. ಇಂಚಿಗೆ ಸಾಲು ಹೆಚ್ಚಿದಷ್ಟೂ ಬಟ್ಟೆ ನಯ. ಇನ್‌ವಾಯ್ಸಿಗೆ ಇಷ್ಟು ಬರೆಸಿದರೆ ಆಯಿತು: ‘ನೇಯ್ದದ್ದು, ಹೊಕ್ಕಿನ ನವಿರು, ಎಳೆ ಸೀಳಿದ್ದು, ನವಿರು ಶೇ. 100 ಪಾಲಿಯೆಸ್ಟರ್, ತಳ ಹತ್ತಿ. ಇಂಚಿಗೆ 14 ಸಾಲು, ಅಗಲ 58 ಇಂಚು’.