ಪದಚರ್ಚೆ: ‘ರೆಡ್‌ಲೈನಿಂಗ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,
ಡೆಟ್ರಾಯಿಟ್ ನಗರದ ವಸತಿ ಚರಿತ್ರೆಯ ಪ್ರದರ್ಶನ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಅಚ್ಚಿಗೆ ಹೋಗಬೇಕು. ‘ರೆಡ್‌ಲೈನಿಂಗ್’ ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. 1930ರ ದಶಕದಲ್ಲಿ ಅಮೆರಿಕದ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆಯು ನಗರಗಳ ನಕ್ಷೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಎಂಬ ನಾಲ್ಕು ದರ್ಜೆಯ ಬಣ್ಣ ಹಚ್ಚಿ, ಕಪ್ಪು ಜನರ ಬಡಾವಣೆಗಳನ್ನು ಬಹುಮಟ್ಟಿಗೆ ಕೆಂಪಿಗೆ ತಳ್ಳಿತು. ಅಂಥ ಕಡೆ ಮನೆಸಾಲ ಕೊಡದಿರುವ ರೂಢಿಗೆ ಮುಂದೆ ಈ ಹೆಸರು ಬಂದಿತು. ಕೆಂಪು, ಗೆರೆ ಎರಡನ್ನೂ ಸೇರಿಸಿ ‘ಕೆಂಗೆರೆ’ ಎನ್ನಬಹುದೇ? ಎರಡು ಪದಗಳಿಗಿಂತ ಹೆಚ್ಚಿಗೆ ಜಾಗವಿಲ್ಲ.

ಉತ್ತರ 1
ಬೇಡ. ‘ಕಣ್ಣು’ ಸೇರಿದಾಗ ಕೆಂಗಣ್ಣು ಆಗುವಂತೆ ‘ಕೆರೆ’ ಸೇರಿದರೂ ಕೆಂಗೆರೆಯೇ ಆಗುತ್ತದೆ. ಓದುಗರು ಡೆಟ್ರಾಯಿಟಿನಲ್ಲಿ ಕೆಂಪು ನೀರಿನ ಕೆರೆಯನ್ನು ಹುಡುಕಿಯಾರು. ಬೆಂಗಳೂರಿನವರು ಕೆಂಗೇರಿಯ ಅಚ್ಚುದೋಷವೆಂದಾರು. ‘ರಕ್ತರೇಖಾಂಕನ’ ಎಂದು ಬರೆಯಿರಿ. ಪಾರಿಭಾಷಿಕ ಪದಕ್ಕೆ ಬೇಕಾದ ಬಿಗಿ ಸಂಸ್ಕೃತದಿಂದಲ್ಲದೆ ಬಾರದು.

ಉತ್ತರ 2
ಸಂಸ್ಕೃತದಲ್ಲಿ ‘ರಕ್ತ’ಕ್ಕೆ ಕೆಂಪು ಎಂಬ ಅರ್ಥವಿದ್ದರೆ ಇರಲಿ, ಕನ್ನಡದಲ್ಲಿ ಅದು ನೆತ್ತರು. ಇದು ವಸತಿ ಚರಿತ್ರೆಯೋ ಕೊಲೆಯ ಮಹಜರೋ? ಎರಡು ಅಚ್ಚಗನ್ನಡ ಪದಗಳು ಕಣ್ಣೆದುರಿಗಿರುವಾಗ ಸಾಲ ತರುವ ಚಟವೇಕೆ? ‘ಕೆಂಪುಗೆರೆ’ ಸಾಕು.

ಉತ್ತರ 3
ಅಚ್ಚಗನ್ನಡದ ಹಟವಿರುವವರು ಅರಬ್ಬಿ ಮೂಲದ ‘ನಕ್ಷೆ’ಯನ್ನೂ ಪಾರಸಿಯ ‘ಸರ್ಕಾರ’ವನ್ನೂ ಮೊದಲು ಹೊರಗೆ ಹಾಕಲಿ. ಬ್ಯಾಂಕು ಕನ್ನಡವಾದಂತೆ ರೆಡ್‌ಲೈನಿಂಗೂ ಆಗುತ್ತದೆ, ಹಾಗೆಯೇ ಬಿಡಿ.

ಉತ್ತರ 4
ಮೂವರೂ ಬಣ್ಣವನ್ನು ಹಿಡಿದು ಜಗ್ಗಾಡುತ್ತಿದ್ದೀರಿ. ಗೆರೆಯೊಂದನ್ನೇ ಹೆಸರಿಸಿದರೆ ಅದು ತಾನಾಗಿ ಮೂಡಿದಂತೆ ಕೇಳಿಸುತ್ತದೆ. ಎಳೆದವರೂ ಸಾಲ ತಡೆದವರೂ ಮರೆಯಾಗುತ್ತಾರೆ. (ನನಗೆ ಖಾಸಗಿಯಾಗಿ ‘ಲಕ್ಷ್ಮಣರೇಖೆ’ ಸೂಚಿಸಿದವರು ಗಮನಿಸಬೇಕು: ಲಕ್ಷ್ಮಣನ ಗೆರೆ ಒಳಗಿದ್ದವಳನ್ನು ಕಾಯಲು ಎಳೆದದ್ದು, ಇದು ಒಳಗಿದ್ದವರನ್ನು ಕೆಡಿಸಿದ್ದು.) ಡೆಟ್ರಾಯಿಟಿನ ಎಯ್ಟ್ ಮೈಲ್ ರಸ್ತೆಯ ಬಳಿ 1941ರಲ್ಲಿ ಕಪ್ಪು ಜನರ ನೆಲೆಯ ಪಕ್ಕದಲ್ಲೇ ಬಿಳಿಯರಿಗಾಗಿ ಮನೆ ಕಟ್ಟಹೊರಟ ಗುತ್ತಿಗೆದಾರನೊಬ್ಬನು, ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆಯ ಸಾಲಭದ್ರತೆ ದೊರೆಯಲೆಂದು ನಡುವೆ ಸುಮಾರು ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆಯನ್ನೇ ಎಬ್ಬಿಸಿದನು, ಅದು ಇಂದಿಗೂ ಇದೆ. ವಸತಿಯಲ್ಲಿನ ಭೇದವನ್ನು ನಿಷೇಧಿಸಿದ ಕಾಯ್ದೆ ಬಂದದ್ದು 1968ರಲ್ಲಿ. ಆದ್ದರಿಂದ ‘ಕೆಂಪುಗೆರೆ ಸಾಲನಿರಾಕರಣೆ’ ಎನ್ನಿ.

ಉತ್ತರ 5
‘ಸಾಲನಿರಾಕರಣೆ’ ಕನ್ನಡಕ್ಕೆ ಸಂಸ್ಕೃತವನ್ನು ಬೆಸೆದ ಅರಿಸಮಾಸ. ಒಪ್ಪಲಾಗದು.

ಪ್ರಶ್ನೆ ಕೇಳಿದವರಿಂದ
‘ಕೆಂಪುಗೆರೆ ಸಾಲತಡೆ’ ಎಂದು ತಿದ್ದಿ ಅಚ್ಚಿಗೆ ಕಳುಹಿಸಿದ್ದೇನೆ. ‘ನಕ್ಷೆ’ಯನ್ನು ಮುಟ್ಟಿಲ್ಲ.